ಅಯ್ಯಮ್ಮನ ಹೆಸರಿಗೆ ಬಂದ ಫ್ಯಾಕ್ಸು

ಮುಂಜಾನೆ ಹತ್ತೂಕಾಲಿಗೆ ಅಟೆಂಡರ್ ಅಯ್ಯಮ್ಮ ಒಂದು ಕೈಯಲ್ಲಿ ಚಹಾದ ಕಪ್ಪು, ಇನ್ನೊಂದು ಕೈಯಲ್ಲಿ ಫ್ಯಾಕ್ಸಿನ ಹಾಳೆ ಹಿಡಿದುಕೊಂಡು ಬಂದು ಮಹಾದೇವಪ್ಪನ ಮೇಜಿನ ಮುಂದೆ ನಿಂತಳು. ಕಪ್ಪು ಇಟ್ಟಳು. ಹಾಳೆ ಇಡಲಿಲ್ಲ.

"ಸರ, ನನಗ ಪತ್ರ ಬಂದದ," ಅಂದಳು.

ಮಹಾದೇವಪ್ಪ ತಲೆ ಎತ್ತಲಿಲ್ಲ. "ನಿನಗ್ಯಾರು ಪತ್ರ ಬರೀತಾರ? ಕೊಂಕಲ್‌ದಾಗ ನಿಮ್ಮಣ್ಣ ಆರಾಮ ಅದಾನಿಲ್ಲ?"

"ಯೂನಿವರ್ಸಿಟಿದಿಂದ ಬಂದದ್ರಿ. 'ಶ್ರೀಮತಿ ಅಯ್ಯಮ್ಮ, ಅಧ್ಯಕ್ಷರು, ಮಹಿಳಾ ಕೋಶ' ಅಂತ ಬರದಾರ. ನಾ ಯಾವಾಗ ಅಧ್ಯಕ್ಷಳಾದೆ ಅಂತ ಕೇಳಾಕ ಬಂದೆ."

ತುಟಿಯ ಕಡೆ ಹೊರಟಿದ್ದ ಕಪ್ಪು ದಾರಿಯಲ್ಲೇ ನಿಂತಿತು.

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ, ಕಾಲುವೆ ಕಟ್ಟಲು ಬಂದ ಎಂಜಿನಿಯರುಗಳು ಬಿಟ್ಟುಹೋದ ಕ್ಯಾಂಪಿನ ಕಟ್ಟಡದಲ್ಲಿ ವಿಶ್ವವಿದ್ಯಾಲಯದ ಆ ಸ್ನಾತಕೋತ್ತರ ಕೇಂದ್ರ ನಡೆಯುತ್ತಿತ್ತು. ಸಿಮೆಂಟಿನ ಗೋದಾಮು ಈಗ ಗ್ರಂಥಾಲಯವಾಗಿತ್ತು. ಬಂಡೆ ಒಡೆಯುವ ಮದ್ದು ಇಡುತ್ತಿದ್ದ ಕೋಣೆ ಪರೀಕ್ಷಾ ವಿಭಾಗವಾಗಿತ್ತು. ಮಹಾದೇವಪ್ಪ ಅಲ್ಲಿ ಪ್ರಥಮ ದರ್ಜೆ ಗುಮಾಸ್ತ. ಸಿಬ್ಬಂದಿಯ ಕಡತಗಳೆಲ್ಲ ಅವನ ಕಪಾಟಿನಲ್ಲಿದ್ದವು. ಮೇಲಿನಿಂದ ಏನು ಕೇಳಿ ಪತ್ರ ಬಂದರೂ ಅನುಪಾಲನಾ ವರದಿ ಕಳಿಸುವುದರಲ್ಲಿ ಅವನದು ಎತ್ತಿದ ಕೈ. ಗಿಡ ನೆಟ್ಟಿದ್ದೀರಾ? ನೆಡಲಾಗಿದೆ. ಬೆಂಕಿ ನಂದಿಸುವ ಸಾಧನ ಇದೆಯೇ? ಇದೆ. ಕುಡಿಯುವ ನೀರಿನ ಪರೀಕ್ಷೆ ಆಗಿದೆಯೇ? ಆಗಿದೆ, ಫಲಿತಾಂಶ ತೃಪ್ತಿಕರ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬನೂ ಬಂದು ಆ ಗಿಡದ ನೆರಳಿನಲ್ಲಿ ನಿಂತು ಆ ನೀರು ಕುಡಿದು ನೋಡಿರಲಿಲ್ಲ.

ಆರು ತಿಂಗಳ ಹಿಂದೆ, 'ಮಹಿಳಾ ಕೋಶ ರಚಿಸಲಾಗಿದೆಯೇ? ಅಧ್ಯಕ್ಷೆ ಖಾಯಂ ಸಿಬ್ಬಂದಿಯಾಗಿರತಕ್ಕದ್ದು' ಎಂಬ ಪತ್ರ ಬಂದಾಗ ಅವನು ಖಾಯಂ ಸಿಬ್ಬಂದಿಯ ಪಟ್ಟಿ ತೆಗೆದು ನೋಡಿದ್ದ. ಅದರಲ್ಲಿದ್ದ ಹೆಣ್ಣು ಹೆಸರು ಒಂದೇ. ಹುದ್ದೆಯ ಕಲಮಿನಲ್ಲಿ 'ಖಾಯಂ' ಎಂದಷ್ಟೇ ಬರೆದು, 'ಕೋಶ ರಚಿಸಲಾಗಿದೆ. ತಿಂಗಳಿಗೊಂದು ಸಭೆ ನಡೆಯುತ್ತಿದೆ. ಮಹಿಳಾ ಸಿಬ್ಬಂದಿಯ ಬಡ್ತಿ ಯಾವುದೂ ಬಾಕಿ ಇರುವುದಿಲ್ಲ' ಎಂದು ಸೇರಿಸಿ, ನಿರ್ದೇಶಕರ ಸಹಿ ಮಾಡಿಸಿ ಕಳಿಸಿದ್ದ. ಊಟಕ್ಕೆ ಮೊದಲೇ ಕೆಲಸ ಮುಗಿದಿತ್ತು.

ನಿಜಕ್ಕೂ ಬಾಕಿ ಇದ್ದ ಬಡ್ತಿಯೂ ಒಂದೇ, ಅದೂ ಅಯ್ಯಮ್ಮನದೇ. ಅವಳು ಕೆಲಸಕ್ಕೆ ಸೇರಿದ ಮೇಲೆ ಖಾಸಗಿಯಾಗಿ ಕೂತು ಹತ್ತನೇ ತರಗತಿ ಪಾಸು ಮಾಡಿದ್ದಳು. ನಿಯಮದ ಪ್ರಕಾರ ಏಳು ವರ್ಷದ ಹಿಂದೆಯೇ ಗುಮಾಸ್ತಳಾಗಬೇಕಿತ್ತು. ಮಹಾದೇವಪ್ಪ ವರ್ಷಕ್ಕೊಂದರಂತೆ ಆಕ್ಷೇಪಣೆ ಹಾಕಿ ಅರ್ಜಿಯನ್ನು ವಾಪಸು ಮಾಡುತ್ತ ಬಂದಿದ್ದ. ಅವಳ ಮೇಲೆ ಅವನಿಗೆ ಎಳ್ಳಷ್ಟೂ ದ್ವೇಷವಿರಲಿಲ್ಲ. ಅವಳು ಗುಮಾಸ್ತಳಾದರೆ ಚಹಾ ಯಾರು ಮಾಡಬೇಕು ಎಂಬ ಪ್ರಶ್ನೆಗೆ ಮಾತ್ರ ಕೇಂದ್ರದಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

ಅವನು ಫ್ಯಾಕ್ಸು ಓದಿದ. ಇಂದು ಮಧ್ಯಾಹ್ನ ಒಂದು ಗಂಟೆಗೆ ಮಹಿಳಾ ಸಿಬ್ಬಂದಿ ಬಡ್ತಿ ಪರಿಶೀಲನಾ ಸಮಿತಿಯ ಮಹಿಳಾ ಅಧ್ಯಕ್ಷರು ಖುದ್ದಾಗಿ ಬರುತ್ತಾರೆ. ಮಹಿಳಾ ಕೋಶದ ಅಧ್ಯಕ್ಷೆ, ಸಭಾ ನಡಾವಳಿಯ ವಹಿ, ಬಡ್ತಿಯ ಕಡತ, ಮೂರೂ ಹಾಜರಿರಬೇಕು. ಕೊನೆಯ ಸಾಲು ಉಳಿದೆಲ್ಲಕ್ಕಿಂತ ಕಪ್ಪಾಗಿತ್ತು: ಸುಳ್ಳು ಮಾಹಿತಿ ನೀಡಿದ ನೌಕರರನ್ನು ಅಮಾನತಿನಲ್ಲಿ ಇಡಲಾಗುವುದು.

ಮಹಾದೇವಪ್ಪ ಆ ಸಾಲನ್ನು ಬೆರಳಿಟ್ಟು ಇನ್ನೊಮ್ಮೆ ಓದಿದ. ನಿವೃತ್ತಿಗೆ ಇನ್ನು ಮೂರೇ ವರ್ಷ.

ಅವನು ನಿರ್ದೇಶಕರ ಕೋಣೆಗೆ ಓಡಿದ. ನಿರ್ದೇಶಕರು ಫ್ಯಾಕ್ಸನ್ನು ಎರಡು ಸಲ ಓದಿ, ಎದ್ದು ಗೋಡೆಯ ಮೊಳೆಗೆ ತೂಗುಹಾಕಿದ್ದ ಸ್ಕೂಟರಿನ ಬೀಗದ ಕೈ ತೆಗೆದುಕೊಂಡರು.

"ನನಗ ಕಕ್ಕೇರಾದಾಗ ಒಂದು ಲಗ್ನ ಅದ," ಅಂದರು.

"ಸರ್, ಸಹಿ ನಿಮ್ದು ಅದ."

"ಕೈಬರಹ ನಿಂದಲ್ಲೇನು? ಸಂಜಿತನಕ ಎಲ್ಲಾ ಸರಿ ಆಗಿರಬೇಕು, ಮಹಾದೇವಪ್ಪ. ಇಲ್ಲಾಂದ್ರ ಆ ಮೇಡಂ ನಿನ್ನ ಅಮಾನತು ಮಾಡೋ ತ್ರಾಸ ತಗೋಳೋದು ಬ್ಯಾಡ, ನಾನೇ ಮಾಡ್ತೀನಿ."

ಸ್ಕೂಟರು ಭತ್ತದ ಗದ್ದೆಗಳ ನಡುವೆ ಮಾಯವಾಗುವುದನ್ನು ನೋಡುತ್ತ ನಿಂತ ಅವನ ಹಿಂದೆ ಅಂಬ್ರಪ್ಪ ಬಂದು ನಿಂತ. ಅಂಬ್ರಪ್ಪ ಪಕ್ಕದ ಮೇಜಿನ ಗುಮಾಸ್ತ. ಅಲ್ಲಿಯವರೆಗೆ ಯಾರಿಗೂ ಗೊತ್ತಿರದ ಸುದ್ದಿ ಅವನಿಗೆ ಗೊತ್ತಿರುತ್ತಿತ್ತು. ಅದು ನಿಜವೋ ಸುಳ್ಳೋ ಹೇಳಲಾಗದು, ಒಳ್ಳೆಯದಂತೂ ಎಂದೂ ಆಗಿರುತ್ತಿರಲಿಲ್ಲ.

"ಆ ಮೇಡಂ ಬಗ್ಗೆ ಕೇಳೀನಿ ನಾ," ಅಂದ. "ಹೋದ ವಾರ ಯಾವದೋ ಕಾಲೇಜಿಗೆ ಹೋಗಿದ್ದಳಂತ. ಸೂಪರಿಂಟೆಂಡೆಂಟ್ ಎದ್ದು ನಮಸ್ಕಾರ ಮಾಡ್ಯಾನ. ಕುಂಡ್ರೋದ್ರಾಗ ಅಮಾನತು."

"ಯಪ್ಪಾ! ಯಾಕಂತ?"

"ಅದು ಆತಗ ಇನ್ನಾ ತಿಳಿದಿಲ್ಲಂತ."

ಮಹಾದೇವಪ್ಪ ಅಯ್ಯಮ್ಮನನ್ನು ಹುಡುಕಿಕೊಂಡು ಹೋದ. ಅವಳು ವರಾಂಡದಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು.

"ಅಯ್ಯಮ್ಮ," ಅಂದ. ಆಮೇಲೆ ಏನೋ ನೆನಪಾದವನಂತೆ, "ಅಯ್ಯಮ್ಮನವ್ರ," ಅಂದ. "ಇವತ್ತೊಂದಿನ ನೀ... ನೀವು ಅಧ್ಯಕ್ಷರಂಗ ಕುಂಡ್ರಬೇಕು. ಮೇಡಂ ಹೋಗೋತನಕ. ಸ್ವಲ್ಪ ನಾಟಕ ಮಾಡಬೇಕಾಗ್ತದ."

"ನಾಟಕ ಯಾಕ್ರಿ? ನೀವು ನನ್ನ ಹೆಸರ ಬರದೀರಿ, ಸಾಹೇಬ್ರು ಸಹಿ ಮಾಡ್ಯಾರ, ಯೂನಿವರ್ಸಿಟಿಯವರು ಪತ್ರ ಕಳಸ್ಯಾರ. ನಾ ಖರೇನ ಅಧ್ಯಕ್ಷೆ ಅಲ್ಲೇನ್ರಿ?"

ಕಡತದ ಪ್ರಕಾರ ಅವಳು ಹೇಳಿದ್ದು ಸರಿಯಾಗಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವನು ಬರೆದ ವರದಿಗಳಲ್ಲಿ ನಿಜವಾದದ್ದು ಇದೊಂದೇ, ಅದೂ ತಪ್ಪಿ.

"ಆದ್ರ ಒಂದು," ಅಂದಳು ಅಯ್ಯಮ್ಮ, ಕಸಬರಿಗೆಯನ್ನು ಅವನ ಕೈಗೆ ಕೊಡುತ್ತ. "ನನ್ನ ಕಡಿಂದ ಸುಳ್ಳು ಹೇಳಸಂಗಿಲ್ಲ."

ಆರು ಸಭೆಗಳ ನಡಾವಳಿಯನ್ನು ಎರಡು ತಾಸಿನಲ್ಲಿ ಬರೆಯಬೇಕಿತ್ತು. ಅಂಬ್ರಪ್ಪ ಮೂರು ಬಣ್ಣದ ಶಾಯಿ ತಂದ. ಮಹಾದೇವಪ್ಪ ಬರೆದ, ಅಯ್ಯಮ್ಮ ಓದಿದಳು. ಓದಿಯೇ ಸಹಿ ಮಾಡುವ ಅಧ್ಯಕ್ಷರನ್ನು ಅವನು ನೌಕರಿಯಲ್ಲಿ ಅದೇ ಮೊದಲು ನೋಡಿದ್ದು.

"'ಮಹಿಳಾ ಸಿಬ್ಬಂದಿಯ ಸೌಲಭ್ಯಗಳ ಬಗ್ಗೆ ಅಧ್ಯಕ್ಷರು ತೃಪ್ತಿ ವ್ಯಕ್ತಪಡಿಸಿದರು,'" ಎಂದು ಓದಿ ತಲೆ ಎತ್ತಿದಳು. "ನಾ ಯಾವಾಗ ತೃಪ್ತಿ ವ್ಯಕ್ತಪಡಿಸೀನ್ರಿ?"

"ಎಲ್ಲಾ ನಡಾವಳಿದಾಗ ಹಂಗೇ ಬರೀತಾರ, ಅಯ್ಯಮ್ಮನವ್ರ."

"ಕಾಟ ಹೊಡೀರಿ. ಹೆಣ್ಮಕ್ಕಳ ಪಾಯಖಾನಿಗೆ ಚಿಲಕ ಇಲ್ಲ, ನಾಕು ವರ್ಷದಿಂದ ಒಬ್ಬಾಕಿ ಒಳಗ, ಒಬ್ಬಾಕಿ ಬಾಗಲ ಹಿಡಕೊಂಡು ಹೊರಗ. ಬರೀರಿ."

ಬರೆದ. ಹೀಗೆ ಬರೆಯುತ್ತ ಹೋದಂತೆ ಆರು ಸುಳ್ಳು ಸಭೆಗಳು ಒಂದೊಂದಾಗಿ ನಿಜವಾಗತೊಡಗಿದವು. ಮಹಾದೇವಪ್ಪ ಶಾಯಿ ಬದಲಿಸಿ ಮುಂದಿನ ಸಭೆಗೆ ಹೋದ.

ಹನ್ನೆರಡೂವರೆಗೆ ಮೇಡಂ ಅವರನ್ನು ಕರೆತರಲು ಕೇಂದ್ರದ ಜೀಪು ಶಹಾಪುರದ ಬಸ್ ಸ್ಟ್ಯಾಂಡಿಗೆ ಹೋಯಿತು. ಆಗ ಅಂಬ್ರಪ್ಪನಿಗೆ ಒಂದು ಮಾತು ಹೊಳೆಯಿತು.

"ಮಹಾದೇವಪ್ಪ, ಮೇಡಂಗ ಚಾ ಬೇಕಲ್ಲ. ಅಧ್ಯಕ್ಷರು ಚಾ ಮಾಡಿದ್ರ ಚಂದ ಕಾಣ್ತದೇನು?"

ಚಂದ ಕಾಣುತ್ತಿರಲಿಲ್ಲ. ಆದ್ದರಿಂದ ಪ್ರಥಮ ದರ್ಜೆ ಗುಮಾಸ್ತ ಮಹಾದೇವಪ್ಪ ಹಿಂದಿನ ಕೋಣೆಗೆ ಹೋಗಿ ಜೀವನದಲ್ಲಿ ಮೊದಲ ಸಲ ಪಂಪಿನ ಸ್ಟೋವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಮೊದಲ ಕಡ್ಡಿಗೆ ಅದು ಸುಮ್ಮನಿತ್ತು. ಎರಡನೆಯದಕ್ಕೆ ಕೆಮ್ಮಿತು. ಮೂರನೆಯದಕ್ಕೆ ಜ್ವಾಲೆ ಮಾಳಿಗೆಯ ತನಕ ಎದ್ದು, ಇಳಿಯುವ ದಾರಿಯಲ್ಲಿ ಅವನ ಮೀಸೆಯ ಎಡಭಾಗವನ್ನು ಜೊತೆಗೆ ಕರೆದುಕೊಂಡು ಹೋಯಿತು. ಬಿಳಿ ಅಂಗಿಗೆ ಕಿಡಿ ಹತ್ತಿ ಮಸಿ ಹಿಡಿಯಿತು. ಬೆಂಕಿ ನಂದಿಸುವ ಸಾಧನ ಇದ್ದದ್ದು ವರದಿಯಲ್ಲಿ ಮಾತ್ರವಾದ್ದರಿಂದ ಅವನು ಅಂಗಿಯನ್ನು ಕಳಚಿ ಝಾಡಿಸಿ ಮತ್ತೆ ತೊಟ್ಟುಕೊಂಡ.

ತಟ್ಟೆ ಹಿಡಿದು ಅವನು ಒಳಗೆ ಬರುವ ಹೊತ್ತಿಗೆ ಮೇಡಂ ಬಂದು ಕೂತಾಗಿತ್ತು.

ಐವತ್ತರ ಹತ್ತಿರದ ಹೆಂಗಸು. ಗಂಜಿ ಹಾಕಿದ ನೂಲಿನ ಸೀರೆ, ದಪ್ಪ ಕನ್ನಡಕ, ಮೊಣಕಾಲ ಮೇಲೆ ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದ ಚೀಲ. ನಮಸ್ಕಾರಕ್ಕೆ ತಲೆಯಾಡಿಸಿದರು, ಮಾತಾಡಲಿಲ್ಲ. ಎದುರಿಗೆ ನಿರ್ದೇಶಕರ ಕುರ್ಚಿಯಲ್ಲಿ ಅಯ್ಯಮ್ಮ ಕೂತಿದ್ದಳು, ಹುಟ್ಟಿದಾಗಿನಿಂದ ಅಲ್ಲೇ ಕೂತವಳ ಹಾಗೆ. ಬೈಯುವ ಮೇಲಧಿಕಾರಿಗಳನ್ನು ಮಹಾದೇವಪ್ಪ ಕಂಡಿದ್ದ, ಕಿರುಚುವವರನ್ನು ಕಂಡಿದ್ದ. ಮಾತೇ ಆಡದ ಈ ಬಗೆ ಅವನಿಗೆ ಹೊಸದು. ಕಪ್ಪುಗಳು ತಟ್ಟೆಯ ಮೇಲೆ ತಾವಾಗಿಯೇ ಗಲಗಲ ಅನ್ನತೊಡಗಿದವು.

ಮೇಡಂ ನಡಾವಳಿ ಓದಿದರು. ಪ್ರತಿ ಪುಟ. ಆಮೇಲೆ ಮೊದಲ ಮಾತು ಬಂತು.

"ಸಿಬ್ಬಂದಿ ವಿಷಯ ನೋಡೋ ಮಹಾದೇವಪ್ಪ ಅನ್ನಾವ ಯಾರು?"

ತಟ್ಟೆ ನೆಲದ ಕಡೆ ವಾಲಿತು. ಅಷ್ಟರಲ್ಲಿ ಅಂಬ್ರಪ್ಪ ಮುಂದೆ ಬಂದ. ಉಪಕಾರ ಮಾಡಲೋ ಇನ್ನೇತಕ್ಕೋ ದೇವರಿಗೇ ಗೊತ್ತು.

"ಆತ ಇವತ್ತ ಬಂದಿಲ್ರಿ ಮೇಡಂ. ಹೇಳಲಾರದೇ ಕೇಳಲಾರದೇ ರಜಾ."

"ಮತ್ತ ಇವ?"

"ಇವ ಅಯ್ಯಪ್ಪ ಅಂತ್ರಿ. ದಿನಗೂಲಿ. ಚಾ ಮಾಡ್ತಾನ."

ಮೇಡಂ ಅರ್ಧ ಮೀಸೆಯ ಅಯ್ಯಪ್ಪನನ್ನು ಮೇಲಿಂದ ಕೆಳಗೆ ನೋಡಿ ಕಪ್ಪು ತೆಗೆದುಕೊಂಡರು. ಮಹಾದೇವಪ್ಪನಿಗೆ ಹೋದ ಜೀವ ಅರ್ಧ ಬಂತು. ದಿನಗೂಲಿಯವನನ್ನು ಅಮಾನತು ಮಾಡಲು ನಿಯಮವಿಲ್ಲ.

ಮೇಡಂ ಬಡ್ತಿಯ ಕಡತ ಬಿಚ್ಚಿದರು. "ಅಯ್ಯಮ್ಮ, ಅಟೆಂಡರ್. ಏಳು ವರ್ಷದಿಂದ ಬಾಕಿ." ತಲೆ ಎತ್ತಿದರು. "ಅಧ್ಯಕ್ಷರ ಹೆಸರೂ ಅಯ್ಯಮ್ಮ?"

"ಮೇಡಂ, ಆ ಅಯ್ಯಮ್ಮ ಅಂದ್ರ..." ಎಂದು ಅಯ್ಯಮ್ಮ ಶುರುಮಾಡಿದಳು.

"ಇಬ್ಬರು ಅದಾರ್ರಿ!" ಎಂದು ಅಯ್ಯಪ್ಪ ಕೂಗಿದ. "ಇಬ್ಬರು ಅಯ್ಯಮ್ಮ ಅದಾರ್ರಿ ಮೇಡಂ! ಆಕಿ ಬ್ಯಾರೆ, ಇವ್ರು ಬ್ಯಾರೆ!"

"ಹಂಗಾದ್ರ ಆಕಿನ್ನ ಕರಿ."

"ಆಕಿ ಕೆನಾಲ್ ಕಡೆ ಹೋಗ್ಯಾಳ್ರಿ."

"ಬರ್ಲಿ. ನಾ ಕುಂಡ್ರತೀನಿ," ಎಂದು ಮೇಡಂ ಚಹಾ ಕುಡಿದರು. ಅವರ ಮುಖ ಹುಳಿಯಾಯಿತು.

ಕಾಲುವೆಗೆ ನೀರು ಬಿಟ್ಟ ದಿನ ಬಿಲದಿಂದ ಹೊರಬಿದ್ದ ಇಲಿಯಂತೆ ಮಹಾದೇವಪ್ಪ ವರಾಂಡದಲ್ಲಿ ಆ ತುದಿಯಿಂದ ಈ ತುದಿಗೆ ಓಡಿದ. ಇನ್ನೊಬ್ಬ ಅಯ್ಯಮ್ಮ ಎಲ್ಲಿಂದ ಬರಬೇಕು? ಇಡೀ ಕೇಂದ್ರದಲ್ಲಿ ಆ ಹೊತ್ತಿನಲ್ಲಿ ಇದ್ದ ಇನ್ನೊಬ್ಬ ಹೆಂಗಸೆಂದರೆ ಇತಿಹಾಸ ವಿಭಾಗದ ಲಾಲಮ್ಮ. ಡಾಕ್ಟರೇಟ್ ಪಡೆದವಳು, ಹನ್ನೆರಡು ವರ್ಷದಿಂದ ಅತಿಥಿ ಉಪನ್ಯಾಸಕಿ. ಯಾವ ಮನೆಯಲ್ಲೂ ಅತಿಥಿ ಅಷ್ಟು ದಿನ ಉಳಿದದ್ದಿಲ್ಲ. ಪಾಠದ ನಡುವೆ ಅವನು ಕಿಟಕಿಯಿಂದ ಕೈ ಮಾಡಿ ಕರೆದ.

"ಡಾಕ್ಟ್ರ, ನನ್ನ ಜೀವ ನಿಮ್ಮ ಕೈಯಾಗ ಅದ. ಒಂದು ಹತ್ತು ನಿಮಿಷ ನೀವು ಅಟೆಂಡರ್ ಅಯ್ಯಮ್ಮ ಆಗಬೇಕು."

ಲಾಲಮ್ಮ ಕೈಯ ಸೀಮೆಸುಣ್ಣ ಝಾಡಿಸಿಕೊಂಡಳು. ಸಿಟ್ಟಾಗುತ್ತಾಳೆ ಅಂದುಕೊಂಡ. ಅವಳು ಕೇಳಿದ್ದು ಒಂದೇ.

"ಖಾಯಂ ಹುದ್ದಿ ಏನ್ರಿ?"

"ಖಾಯಂ."

"ನಡ್ರಿ ಮತ್ತ. ಹತ್ತು ನಿಮಿಷಾದ್ರೂ ಆಗ್ಲಿ."

ಅವಳ ಕೈಗೆ ಕಸಬರಿಗೆ ಕೊಟ್ಟು ಒಳಗೆ ಕರೆದುಕೊಂಡು ಬಂದ. ಮೇಡಂ ಅವಳನ್ನು ಕೂರಲು ಹೇಳಿದರು. ಲಾಲಮ್ಮ ಅಟೆಂಡರಳಂತೆ ನಿಂತೇ ಇದ್ದಳು. ಅಲ್ಲಿಯವರೆಗೆ ಎಲ್ಲ ಚೆನ್ನಾಗಿತ್ತು.

"ಎಷ್ಟು ಓದೀ?" ಎಂದರು ಮೇಡಂ.

ಹನ್ನೆರಡು ವರ್ಷ, ಪ್ರತಿ ಜುಲೈಯಲ್ಲಿ, ಸಂದರ್ಶನದಲ್ಲಿ ಲಾಲಮ್ಮನಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ ಅದೇ. ಅವಳ ಬಾಯಿ ಅವಳನ್ನು ಕೇಳದೇ ಉತ್ತರ ಕೊಟ್ಟಿತು.

"ಎಂ.ಎ., ಎಂ.ಫಿಲ್., ಪಿಎಚ್.ಡಿ. ಮೇಡಂ."

ಅಂಬ್ರಪ್ಪನ ಪೆನ್ನು ನೆಲಕ್ಕೆ ಬಿತ್ತು. ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಪಿಎಚ್.ಡಿ. ಮಾಡಿ ಕಸ ಹೊಡಿಯಾಕತ್ತೀ?"

"ಇದು ಖಾಯಂ ಅದ್ರಿ ಮೇಡಂ," ಅಂದಳು ಲಾಲಮ್ಮ. ಆ ಇಡೀ ದಿನ ಆ ಕೋಣೆಯಲ್ಲಿ ಅಷ್ಟು ಪ್ರಾಮಾಣಿಕವಾದ ದನಿ ಇನ್ನೊಂದು ಕೇಳಲಿಲ್ಲ.

"ಪಿಎಚ್.ಡಿ. ಆದಾಕಿಗೆ ಏಳು ವರ್ಷದಿಂದ ಗುಮಾಸ್ತಿಕಿ ಬಡ್ತಿ ಕೊಟ್ಟಿಲ್ಲ! ಯಾಕಂತ?"

"ನಾ ಹೇಳ್ತೀನ್ರಿ," ಅಂದಳು ಅಧ್ಯಕ್ಷೆ ಅಯ್ಯಮ್ಮ. ಅವಳಿಗೆ ಏಳೂ ಆಕ್ಷೇಪಣೆಗಳು ಬಾಯಿಪಾಠವಾಗಿದ್ದವು. "ಮೊದಲ್ನೇ ವರ್ಷ, ಹುಟ್ಟಿದ ತಾರೀಖು ಅಕ್ಷರದಾಗ ಬರದಿಲ್ಲ ಅಂದ್ರು. ಎರಡನೇ ವರ್ಷ, ಅಕ್ಷರದಾಗ ಬರದದ್ದು ಅಂಕಿಗೆ ಹೊಂದಂಗಿಲ್ಲ ಅಂದ್ರು. ಮೂರನೇ ವರ್ಷ, ಫೋಟೋದಾಗ ನಕ್ಕಾಳ ಅಂದ್ರು. ನಾಕನೇ ವರ್ಷ, ನಗಲಾರದ ಫೋಟೋ ಕೊಟ್ರ ಗುರುತು ಹತ್ತವಲ್ದು ಅಂದ್ರು..."

ಕೇಳುತ್ತ ನಿಂತ ಮಹಾದೇವಪ್ಪನಿಗೆ ಕಿವಿ ಬಿಸಿಯಾಯಿತು. ಕಡತದಲ್ಲಿ ಬರೆದಾಗ ಅವು ಇಷ್ಟು ಕೆಟ್ಟದಾಗಿ ಕೇಳಿಸಿರಲಿಲ್ಲ.

ಮೇಡಂ ಹೊರಳಿ ಅವನ ಕಡೆ ನೋಡಿದರು. "ಅಯ್ಯಪ್ಪ, ನೀ ಇಲ್ಲೇ ಇರ್ತೀ. ನೀ ಹೇಳು. ಆ ಮಹಾದೇವಪ್ಪ ಎಂಥಾ ಮನಷ್ಯಾ?"

"ಒಳ್ಳೆಯವ್ರಿ..."

"ಹೆದರಬ್ಯಾಡ. ಆತ ಇಲ್ಲಿಲ್ಲ. ಖರೇ ಹೇಳು."

ಮೂರು ಹೆಂಗಸರು, ಒಬ್ಬ ಅಂಬ್ರಪ್ಪ ಅವನನ್ನೇ ನೋಡುತ್ತಿದ್ದರು. ಬೆವರು ಅವನ ಉಳಿದ ಮೀಸೆಯಿಂದ ತೊಟ್ಟಿಕ್ಕಿತು.

"ಭಾಳ ಒಳ್ಳೆಯವನಲ್ರಿ," ಅಂದ ಮಹಾದೇವಪ್ಪ.

"ಕೇಳಿದ್ರ್ಯಾ?" ಎಂದು ಮೇಡಂ ಎದ್ದು, ಮೂಲೆಯಲ್ಲಿದ್ದ ಟೈಪ್‌ರೈಟರಿನ ಮುಂದೆ ತಾವೇ ಕೂತು, ಎರಡು ಹಾಳೆಯ ನಡುವೆ ಕಾರ್ಬನ್ ಇಟ್ಟು ಏರಿಸಿ ವರದಿ ಹೊಡೆಯತೊಡಗಿದರು. ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಸದ್ದು. ಪ್ರತಿ ಸಾಲಿನ ಕೊನೆಯ ಗಂಟೆಗೂ ಮಹಾದೇವಪ್ಪ ಬೆಚ್ಚಿಬಿದ್ದ.

ನಾಲ್ಕು ಗಂಟೆಗೆ ಮೇಡಂ ಹೊರಟರು. ಲಾಲಮ್ಮನ ಬೆನ್ನು ಸವರಿದರು, ಅಯ್ಯಮ್ಮನಿಗೆ ಕೈ ಮುಗಿದರು. "ಅಯ್ಯಪ್ಪ, ನೀ ಬಾ. ಚೀಲ ಹಿಡಕೋ," ಅಂದರು.

ಜೀಪು ಹೊರಟಿತು. ಮುಂದೆ ಮೇಡಂ ಮತ್ತು ಡ್ರೈವರ್ ಮೈನುದ್ದೀನ, ಹಿಂದೆ ಚೀಲ ಮತ್ತು ಮಹಾದೇವಪ್ಪ. ಮೇಡಂ ವರದಿಯ ಒಂದು ನಕಲನ್ನು ಹಿಂದಕ್ಕೆ ಚಾಚಿ, "ಇದು ನಿಮ್ಮ ಕಚೇರಿ ಪ್ರತಿ. ನಿಮ್ಮ ಸಾಹೇಬ್ರಿಗಿ ಕೊಡು. ನಿನಗ ಓದಾಕ ಬರ್ತದಿಲ್ಲ?" ಅಂದರು.

"ಸ್ವಲ್ಪ ಬರ್ತದ್ರಿ."

ಅವನು ಓದಿದ. ಒಂದನೆಯ ಕಲಮು: ಪಿಎಚ್.ಡಿ. ಪದವೀಧರೆಯಾದ ಅಟೆಂಡರ್ ಶ್ರೀಮತಿ ಅಯ್ಯಮ್ಮ ಇವರಿಗೆ ಹಿಂದಿನ ಏಳು ವರ್ಷದಿಂದ ಜಾರಿಗೆ ಬರುವಂತೆ ಗುಮಾಸ್ತ ಹುದ್ದೆಗೆ ಬಡ್ತಿ. ಲಾಲಮ್ಮ ಹಗಲಿರುಳು ಓದಿ ಪಡೆದ ಪದವಿಯಿಂದ ಕೇಂದ್ರದಲ್ಲಿ ಮೊದಲ ಸಲ ಒಬ್ಬರಿಗೆ ಪ್ರಯೋಜನವಾಗಿತ್ತು. ಆ ಒಬ್ಬರು ಲಾಲಮ್ಮ ಆಗಿರಲಿಲ್ಲ ಅಷ್ಟೇ. ಎರಡನೆಯ ಕಲಮು: ಪರಿಶೀಲನೆಯ ದಿನ ಅನಧಿಕೃತವಾಗಿ ಗೈರುಹಾಜರಾಗಿ, ಸುಳ್ಳು ವರದಿ ನೀಡಿದ ಮಹಾದೇವಪ್ಪನನ್ನು ಅಮಾನತಿನಲ್ಲಿ ಇಡತಕ್ಕದ್ದು. ಸಹೋದ್ಯೋಗಿಗಳ ಅಭಿಪ್ರಾಯದಲ್ಲೂ ಈತ ಒಳ್ಳೆಯವನಲ್ಲ. ಮೂರನೆಯ ಕಲಮು: ಅಯ್ಯಮ್ಮನವರಿಂದ ತೆರವಾಗುವ ಅಟೆಂಡರ್ ಹುದ್ದೆಗೆ, ಬಡವನೂ ಸತ್ಯವಂತನೂ ಆದ ದಿನಗೂಲಿ ಅಯ್ಯಪ್ಪನನ್ನು ನೇಮಿಸುವುದು.

ಒಂದೇ ಹಾಳೆಯಲ್ಲಿ ಅವನ ನೌಕರಿ ಹೋಗಿತ್ತು, ಇನ್ನೊಂದು ಬಂದಿತ್ತು.

ಕಾಲುವೆಯ ಸೇತುವೆಯ ಮೇಲೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಅಡ್ಡ ನಿಂತಿತ್ತು. ಮೈನುದ್ದೀನ ಇಳಿದು ಅದರ ಚಾಲಕನೊಂದಿಗೆ ವಾದಕ್ಕೆ ನಿಂತ. ಮೇಡಂ ಇಳಿದು ಕಟ್ಟೆಯ ಹತ್ತಿರ ಹೋಗಿ ನೀರು ನೋಡುತ್ತಿದ್ದರು. ಇದೇ ಹೊತ್ತು ಎಂದುಕೊಂಡ ಮಹಾದೇವಪ್ಪ. ಸತ್ಯ ಹೇಳಿ ಕಾಲು ಹಿಡಿದರೆ ದೊಡ್ಡ ಮನುಷ್ಯರು ಕರಗುತ್ತಾರೆ. ಆದರೆ ಅವನು ಗುಮಾಸ್ತ. ಬಾಯಿಯಲ್ಲಿ ಹೇಳಿದ್ದನ್ನು ಅವನೇ ನಂಬುತ್ತಿರಲಿಲ್ಲ. ಜೀಪಿನ ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಬರೆದ: 'ಕೆಳಗೆ ಸಹಿ ಮಾಡಿದ ಮಹಾದೇವಪ್ಪನಾದ ನಾನು ಒಪ್ಪಿಕೊಳ್ಳುವುದೇನೆಂದರೆ, ಅಯ್ಯಪ್ಪ ಎಂಬವನು ಇರುವುದಿಲ್ಲ, ನಾನೇ ಅವನು. ಅಧ್ಯಕ್ಷೆಯೇ ಅಟೆಂಡರ್. ಅಟೆಂಡರ್ ಎಂದು ತೋರಿಸಿದವರು ಅತಿಥಿ ಉಪನ್ಯಾಸಕಿ. ಏಳು ಆಕ್ಷೇಪಣೆಗಳೂ ನನ್ನವೇ. ಕಾರಣ, ಚಹಾ. ಸ್ಥಳ: ಕಾಲುವೆ ಸೇತುವೆ.' ತಾರೀಖು ಹಾಕಿ, ಸಹಿ ಮಾಡಿ, ಎರಡೂ ಕೈಯಿಂದ ಮೇಡಂಗೆ ಕೊಟ್ಟು, ಬಿಸಿಲಿಗೆ ಕಾದ ಡಾಂಬರಿನ ಮೇಲೆ ಮೊಣಕಾಲೂರಿದ.

ಮೇಡಂ ಓದಿದರು. ಮೊದಲು ಅವರ ಭುಜ ಅಲುಗಿತು. ಅಳುತ್ತಿದ್ದಾರೆ ಅಂದುಕೊಂಡ. ನಗುತ್ತಿದ್ದರು.

"ಏಳ್ರಿ ಮಹಾದೇವಪ್ಪನವ್ರ, ಮೊಳಕಾಲು ಸುಡ್ತದ," ಅಂದರು. "ನನ್ನ ಹೆಸರು ದೇವಕಮ್ಮ. ನಾ ಮುಖ್ಯ ಕಚೇರಿದಾಗ ಟೈಪಿಸ್ಟ್."

ಮಹಾದೇವಪ್ಪ ಅರ್ಧ ಎದ್ದವನು ಅಲ್ಲೇ ನಿಂತ.

"ಸಮಿತಿಗೆ ಅಧ್ಯಕ್ಷರಾಗಾಕ ಪ್ರೊಫೆಸರ್ ಹೆಣ್ಮಗಳು ಬೇಕಂತ ಸರಕಾರದ ಆದೇಶ. ನಮ್ಮಲ್ಲಿ ಇದ್ದಾಕಿ ಒಬ್ಬಾಕಿ, ಹೋದ ವರ್ಷ ರಿಟೈರ್ ಆದಳು. ಎಲ್ಲಾ ಕೇಂದ್ರಕ್ಕೂ ಫ್ಯಾಕ್ಸ್ ಹೋಗ್ಯಾವ, ಹೋಗವರೇ ಇಲ್ಲ. ಮುಂಜಾನಿ ನಮ್ಮ ಸೂಪರಿಂಟೆಂಡೆಂಟ್ ನನ್ನ ಮುಂದ ಬಂದು ನಿಂತ, ನೀವು ಆ ಅಯ್ಯಮ್ಮನ ಮುಂದ ನಿಂತಿರಬೇಕಲ್ಲ, ಹಂಗೇ. 'ದೇವಕಮ್ಮನವ್ರ, ಒಂದಿನ ಗಂಭೀರ ಕುಂತು ಬರ್ರಿ, ಮಾತಾಡಬ್ಯಾಡ್ರಿ' ಅಂದ. ನನಗೂ ಕೈಕಾಲು ನಡುಗಾಕತ್ತಿದ್ವು. ಚೀಲ ಗಟ್ಟಿ ಹಿಡಕೊಂಡು ಕುಂತಿದ್ದೆ. ನೀವು ತಟ್ಟಿ ಹಿಡಕೊಂಡು ನನಕಿಂತ ಹೆಚ್ಚಿಗಿ ನಡುಗೋದು ನೋಡಿದ ಮ್ಯಾಲೆ ನೋಡ್ರಿ, ಧೈರ್ಯ ಬಂತು."

ಮಹಾದೇವಪ್ಪನ ಬೆನ್ನೆಲುಬು ಒಂದೊಂದೇ ಮಣಿಯಾಗಿ ನೆಟ್ಟಗಾಯಿತು. ಟೈಪಿಸ್ಟ್! ತನಗಿಂತ ಒಂದು ದರ್ಜೆ ಕೆಳಗೆ! ಮುಂಜಾನೆಯಿಂದ ಕಳೆದುಹೋಗಿದ್ದ ದನಿ ಗಂಟಲಿಗೆ ವಾಪಸು ಬಂತು.

"ಹಂಗಾದ್ರ ಈ ವರದಿ ಸುಳ್ಳು! ಇದಕ್ಕ ಕಿಮ್ಮತ್ತಿಲ್ಲ! ನಾ ಮ್ಯಾಲೆ ಬರೀತೀನಿ!"

"ಬರೀರಿ," ಅಂದಳು ದೇವಕಮ್ಮ ಸಮಾಧಾನದಿಂದ. "ನಿಮ್ಮ ಪತ್ರ ಬಂದ್ರ ನನ್ನ ಟೇಬಲ್‌ಗೇ ಬರ್ತದ. ಆಮ್ಯಾಲೆ ನಾ ಈ ವರದಿ ಒಳಗ ಇಟ್ರ ಸಾಹೇಬ್ರು ಸಹಿ ಮಾಡ್ತಾರ. ಹದಿನೇಳು ವರ್ಷದಿಂದ ನಾ ಹೊಡದದ್ದನ್ನ ಒಂದು ಸಲನೂ ಓದಿಲ್ಲ ಅವ್ರು. ಎಷ್ಟೋ ಬಡ್ತಿ ಪಟ್ಟಿ ನಾನೇ ಹೊಡದೀನಿ, ನನ್ನ ಹೆಸರು ಒಂದ್ರಾಗೂ ಇಲ್ಲ. ನಿಮ್ಮಂಥಾವನೊಬ್ಬ ಅಲ್ಲೂ ಅದಾನ. ನನ್ನ ಫೋಟೋದಾಗ ಕನ್ನಡಕ ಹೊಳೀತದಂತ."

ಅವಳು ಅವನ ತಪ್ಪೊಪ್ಪಿಗೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದ ಒಳಜೇಬಿಗೆ ಸೇರಿಸಿ ಜಿಪ್ಪು ಎಳೆದಳು. ಟ್ರ್ಯಾಕ್ಟರು ಸರಿದು ದಾರಿ ಬಿಟ್ಟಿತು.

"ಮೇಡಂ," ಅಂದ ಮಹಾದೇವಪ್ಪ. ಬೇರೆ ಏನೆಂದು ಕರೆಯುವುದೋ ತಿಳಿಯಲಿಲ್ಲ. "ಆ ಹಾಳಿ ಕೊಟ್ಟುಬಿಡ್ರಿ."

"ಎರಡನೇ ಕಲಮು ತಗದು ಇನ್ನೊಮ್ಮಿ ಹೊಡೀತೀನಿ, ಅಂಜಬ್ಯಾಡ್ರಿ. ಮೂರನೇದೂ ತಗೀತೀನಿ, ನಿಮ್ಮ ಚಾ ನಾ ಕುಡದೀನಿ. ಒಂದನೇದು ಇರ್ತದ. ಅಯ್ಯಮ್ಮನ ಆರ್ಡರ್ ಆಗೋತನಕ ಈ ಹಾಳಿನೂ ಇರ್ತದ. ಆಮ್ಯಾಲೆ ಆ ಪಿಎಚ್.ಡಿ. ಹೆಣ್ಮಗಳದು ಏನು ಮಾಡೋದು ಅಂತ ನೋಡೋಣು."

"ಆಕಿದೂ ನಾನೇ ಮಾಡಬೇಕೇನ್ರಿ?"

"ಮತ್ಯಾರು ಮಾಡ್ತಾರ?"

ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಲು ನಿಂತಿತ್ತು. ಮಹಾದೇವಪ್ಪ ಚೀಲ ಹೊತ್ತು, ಜನರ ನಡುವೆ ದಾರಿ ಮಾಡಿಸಿ, ಕಿಟಕಿಯ ಸೀಟು ಹಿಡಿದುಕೊಟ್ಟು, ಚೀಲವನ್ನು ಅವಳ ಮೊಣಕಾಲ ಮೇಲೆ ಇಟ್ಟು ಕೆಳಗಿಳಿದ. ಚೀಲದೊಳಗೆ ಏನಿದೆ ಎಂದು ಗೊತ್ತಿದ್ದೂ ಇಟ್ಟ.

"ತಿಂಗಳ ಕೊನಿಗೆ ಪರಿಶೀಲನೆಗೆ ಮತ್ತ ಬರ್ತೀನಿ," ಎಂದಳು ದೇವಕಮ್ಮ ಕಿಟಕಿಯಿಂದ. "ಅಷ್ಟರಾಗ ಪಾಯಖಾನಿಗೆ ಚಿಲಕನೂ ಹಾಕಸ್ರಿ."

"ಆಗ್ಲಿ ಮೇಡಂ."

ಬಸ್ಸು ಹೊರಟಿತು. ಅವನು ಎರಡೂ ಕೈ ಮುಗಿದು ನಿಂತೇ ಇದ್ದ. ಮೈನುದ್ದೀನ ಜೀಪಿನಿಂದ ಎರಡು ಸಲ ಹಾರ್ನು ಹಾಕಿ, ಕೊನೆಗೆ ಇಳಿದು ಬಂದ.

"ಸಾಬ್, ಬಸ್ ಹೋತಲ್ಲ. ಇನ್ನಾ ಕೈ ಯಾಕ ಮುಗದೀರಿ? ಇಳಸ್ರಿ."

"ತಡಿ ಮೈನುದ್ದೀನ," ಅಂದ ಮಹಾದೇವಪ್ಪ, ಧೂಳಿನ ಕಡೆ ಕಣ್ಣಿಟ್ಟು. "ಇನ್ನಾ ಕಾಣಾಕತ್ತದ."